ಮೂರು ಮಿಲಿಮೀಟರ್ ಲೆಕ್ಕ

ಪ್ಯಾಂಕ್ರಿಯಾಸ್ ತೊಂದರೆ ಅಂದ್ರೆ ನಮಗೆ ನೆನಪಾಗೋದು ದೊಡ್ಡವರ ಶುಗರ್. ಆದರೆ ಕೆಲವು ಶಿಶುಗಳಲ್ಲಿ ಹುಟ್ಟಿನಿಂದಲೇ ಈ ಗ್ರಂಥಿ ಮಿತಿಮೀರಿ ಇನ್ಸುಲಿನ್ ಸುರಿಸುತ್ತೆ. ರಕ್ತದಲ್ಲಿ ಸಕ್ಕರೆ ಕುಸಿದು ಮಿದುಳಿಗೇ ಹಾನಿಯಾಗಬಹುದು. ಔಷಧಿಗೆ ಬಗ್ಗದಿದ್ದಾಗ ಆಪರೇಷನ್ ಮಾಡಬೇಕಾಗುತ್ತೆ.

ತೊಂದರೆ ಒಂದೇ ಜಾಗದಲ್ಲಿದ್ದರೆ ಅಷ್ಟನ್ನೇ ತೆಗೆದು ಮಗುವನ್ನು ಗುಣಪಡಿಸಬಹುದು. ಇಡೀ ಗ್ರಂಥಿಗೆ ಹರಡಿದ್ದರೆ ಶೇ. 95ಕ್ಕೂ ಹೆಚ್ಚು ಭಾಗ ತೆಗೆಯಬೇಕಾಗಬಹುದು. ಮುಂದೆ ಡಯಾಬಿಟಿಸ್ ಬರುವ ಸಾಧ್ಯತೆ ಹೆಚ್ಚು. ಹಾಗಾಗಿ ಕತ್ತರಿಸೋ ಮುಂಚೆ ಜಾಗ ಗೊತ್ತಾಗಬೇಕು. ಅದಕ್ಕೆ ಫ್ಲೋರಿನ್-18 ಡೋಪಾ ಪೆಟ್ ಸ್ಕ್ಯಾನ್ ಇದೆ. ಆ ಐಸೋಟೋಪಿನ ಅರ್ಧಾಯು ಸುಮಾರು 110 ನಿಮಿಷ ಮಾತ್ರ, ತರಿಸಿ ಸ್ಟಾಕ್ ಇಡೋಕೆ ಆಗಲ್ಲ.

ಇನ್ನು ಕೀಹೋಲ್ ಸರ್ಜರಿ. ಗಾಯ ಚಿಕ್ಕದು, ನೋವು ಕಡಿಮೆ, ಮಗು ಬೇಗ ಮನೆಗೆ ಹೋಗುತ್ತೆ. ಆದರೆ ಗ್ರಂಥಿ ಇರೋದು ಜಠರದ ಹಿಂದೆ, ಪಕ್ಕದಲ್ಲೇ ದೊಡ್ಡ ರಕ್ತನಾಳಗಳು. ದೊಡ್ಡವರ ಹೊಟ್ಟೆಗೆ ಗ್ಯಾಸ್ ತುಂಬಿದರೆ ಕೆಲವು ಲೀಟರ್ ಜಾಗ ಸಿಗುತ್ತೆ. ಹಸುಗೂಸಿನಲ್ಲಿ ಒಂದು ಲೀಟರೂ ಇಲ್ಲ. ಅದಕ್ಕೇ 5 ಮಿ.ಮೀ. ಬದಲು 3 ಮಿ.ಮೀ. ಉಪಕರಣ ಬಳಸ್ತಾರೆ.

ಅಷ್ಟೇನಾ, ಸಣ್ಣದು ಮಾಡಿದ್ರಾಯ್ತು ಅನ್ನಬೇಡಿ. ಎಸ್‌ಒಎಂ ಕ್ಲಾಸ್ ನೆನಪಿಸಿಕೊಳ್ಳಿ: ಸರಳಿನ ಬಾಗುವಿಕೆಯ ಬಿಗಿ ವ್ಯಾಸದ ನಾಲ್ಕನೇ ಘಾತದ ಜೊತೆ ಬದಲಾಗುತ್ತೆ. ಅದೇ ಲೋಹದ ಘನ ಸರಳು 5ರಿಂದ 3 ಮಿ.ಮೀ.ಗೆ ಇಳಿದರೆ ಬಿಗಿ ಹೆಚ್ಚುಕಡಿಮೆ ಎಂಟನೇ ಒಂದು ಭಾಗಕ್ಕೆ ಬೀಳುತ್ತೆ. ಡಾಕ್ಟರ್ ಕೈಯಲ್ಲಿ ಅದು ಬಾಗುತ್ತೆ. ಮಗು ಅಂದ್ರೆ ದೊಡ್ಡವರ ಸ್ಕೇಲ್ ಮಾಡೆಲ್ ಅಲ್ಲ.

ಇಂಥ ಕೇಸು ಕಡಿಮೆ, ಮಾರುಕಟ್ಟೆ ಚಿಕ್ಕದು, ಕಂಪನಿಗಳಿಗೆ ಯಾಕೆ ಬೇಕು ಅನ್ನೋ ವಾದ ಇದೆ. ನಿಜವೇ. ಕೇಸು ಕಡಿಮೆ ಅಂದ್ರೆ ಸರ್ಜನ್‌ಗಳಿಗೆ ಅಭ್ಯಾಸವೂ ಕಡಿಮೆ ಅಂತಲೇ ಅರ್ಥ. ನಮ್ಮಂಥ ಕಾಲೇಜು ಕೈ ಹಾಕಬೇಕಾದ್ದು ಇಲ್ಲೇ. ಮಗುವಿನ ಹೊಟ್ಟೆಯೊಳಗೆ ಹೋಗೋ ಉಪಕರಣ ನಾವು ಈಗಲೇ ಮಾಡೋಕೆ ಆಗಲ್ಲ, ಮಾಡಲೂಬಾರದು. ಅದಕ್ಕೆ ವರ್ಷಗಟ್ಟಲೆ ಪರೀಕ್ಷೆ ಬೇಕು. ಆದರೆ ಶಿಶುವಿನ ಹೊಟ್ಟೆಯ ಅಳತೆಯ ಒಂದು ಡಬ್ಬಿ, ಒಳಗೆ ಕ್ಯಾಮೆರಾ, ಸಿಲಿಕೋನ್‌ನಲ್ಲಿ ಎರಕ ಹೊಯ್ದ ಗ್ರಂಥಿ, ಎಳೆತ ಅಳೆಯೋ ಸೆನ್ಸರ್: ಹೊಸ ಡಾಕ್ಟರು ಕೈ ಪಳಗಿಸಿಕೊಳ್ಳೋ ಇಂಥ ಟ್ರೈನರ್ ನಮ್ಮ ಲ್ಯಾಬಲ್ಲೇ ಆಗುತ್ತೆ.

ಫೈನಲ್ ಇಯರ್‌ನಲ್ಲಿ ಇನ್ನೊಂದು ಲೈನ್ ಫಾಲೋವರ್ ಮಾಡೋ ಮುಂಚೆ, ಹತ್ತಿರದ ಮೆಡಿಕಲ್ ಕಾಲೇಜಿನ ಮಕ್ಕಳ ಸರ್ಜನ್ ಒಬ್ಬರನ್ನ ಭೇಟಿಯಾಗೋಣ. "ಸರ್, ನಿಮ್ಮ ಕೈಗೆ ಯಾವುದು ಸರಿ ಕೂರ್ತಿಲ್ಲ?" ಅಂತ ಕೇಳೋಣ. ಪ್ರಾಜೆಕ್ಟ್ ಟಾಪಿಕ್ ಅಲ್ಲೇ ಸಿಗುತ್ತೆ.