ಹೊಲದ ದಾರಿಯ ಗಾಡಿಗೂ ಒಂದು ಚರಿತ್ರೆಯಿದೆ

ಒರಟು ನೆಲದ ಪುಟ್ಟ ಬೈಕುಗಳ ಕಥೆ ಸಾಮಾನ್ಯವಾಗಿ ಹೋಂಡಾ ಮಂಕಿಯಿಂದ ಶುರುವಾಗುತ್ತದೆ. 1961ರಲ್ಲಿ ಟೋಕಿಯೊದ ಟಾಮಾ ಟೆಕ್ ಉದ್ಯಾನದಲ್ಲಿ ಮಕ್ಕಳ ಆಟಕ್ಕೆಂದು ಹುಟ್ಟಿದ 49 ಸಿಸಿಯ, ಐದಿಂಚು ಚಕ್ರದ ಗಾಡಿ ಅದು. ಜಗಳೂರು ತಾಲ್ಲೂಕಿನ ಹೊಲಗಳಲ್ಲಿ ಒರಟು ನೆಲದ ಪುಟ್ಟ ಗಾಡಿಯ ಕೆಲಸವನ್ನು ದಶಕಗಳಿಂದ ಮಾಡುತ್ತಿರುವುದು ಟಿವಿಎಸ್ ಎಕ್ಸೆಲ್. ಆದರೂ ವಾಹನಗಳ ಬಗ್ಗೆ ಬರೆಯುವವರು ಅದನ್ನು ಬಡವರ ಸ್ಕೂಟರ್ ಎಂದು ಬದಿಗಿಡುತ್ತಾರೆ. ಇದು ಅನ್ಯಾಯ. ಡಾಂಬರು ಮುಗಿದಲ್ಲಿಂದ ಮುಂದಕ್ಕೂ ದಿನಾ ದುಡಿಯುವ ಗಾಡಿಯೇ ನಿಜವಾದ ಆಫ್-ರೋಡ್ ಗಾಡಿ ಎಂಬುದು ನನ್ನ ವಾದ.

ಇಟಲಿಯ ಪಿಯಾಜಿಯೊ ಚಾವ್ ಮಾದರಿಯಲ್ಲಿ 1972ರಲ್ಲಿ ನಮ್ಮ ದೇಶದಲ್ಲಿ ಲೂನಾ ಎಂಬ ಮೊಪೆಡ್ ಬಂತು. 1980ರಲ್ಲಿ ನಮ್ಮ ರಾಜ್ಯದ ಗಡಿಗೆ ಅಂಟಿಕೊಂಡಿರುವ ಹೊಸೂರಿನಿಂದ ಟಿವಿಎಸ್ 50 ಹೊರಬಂದಾಗ, ಇಬ್ಬರು ಕೂರಬಲ್ಲ ದೇಶದ ಮೊದಲ ಮೊಪೆಡ್ ಎನಿಸಿತು. ಅದರ ವಂಶವೇ ಎಕ್ಸೆಲ್. ಗೇರ್ ಇಲ್ಲ, ಕೈಯಲ್ಲಿ ಹಿಡಿಯುವ ಕ್ಲಚ್ ಇಲ್ಲ. ವೇಗ ಏರಿದಂತೆ ಸೆಂಟ್ರಿಫ್ಯೂಗಲ್ ಕ್ಲಚ್ ತಾನೇ ಹಿಡಿದುಕೊಳ್ಳುತ್ತದೆ. 16 ಇಂಚಿನ ಚಕ್ರವಿರುವುದರಿಂದ ಬಂಡಿ ಜಾಡಿನ ಗುಂಡಿಗೆ ಸಿಕ್ಕಿಬೀಳದು. ತೂಕ 90 ಕೆಜಿಗೂ ಕಡಿಮೆ, ಆದ್ದರಿಂದ ಕೆಸರಲ್ಲಿ ಹೂತರೂ ಒಬ್ಬರೇ ಎತ್ತಿ ದಾಟಿಸಬಹುದು. ಹಿಂದಿನ ಸೀಟು ಬಿಚ್ಚಿದರೆ ಶೇಂಗಾ ಚೀಲ, ಮುಂದಿನ ಚಪ್ಪಟೆ ಜಾಗದಲ್ಲಿ ಹಾಲಿನ ಕ್ಯಾನು ಅಥವಾ ಮೇವಿನ ಹೊರೆ. ಮಳೆ ಕಡಿಮೆಯಾದ, ಮೆಕ್ಕೆಜೋಳ-ಈರುಳ್ಳಿಯ ಮೇಲೆ ನಿಂತ ಈ ಸೀಮೆಯಲ್ಲಿ ಸಣ್ಣ ಹಿಡುವಳಿದಾರನಿಗೆ ಟ್ರ್ಯಾಕ್ಟರ್ ಬಾಡಿಗೆ ಪ್ರತಿಸಲ ಭರಿಸಲಾಗದ ಖರ್ಚು. ಆ ಕೊರತೆಯನ್ನು ತುಂಬಿದ್ದು ಈ ಗಾಡಿ.

ಹಳೆಯ ಎಕ್ಸೆಲ್‌ನ ಟೂ-ಸ್ಟ್ರೋಕ್ ಎಂಜಿನ್ ಹೊಗೆ ಉಗುಳಿತಲ್ಲ ಎನ್ನುವವರಿದ್ದಾರೆ. ಆ ಆಕ್ಷೇಪ ಸರಿಯೇ. ಆದರೆ 2015ರಲ್ಲಿ ಫೋರ್-ಸ್ಟ್ರೋಕ್‌ನ ಎಕ್ಸೆಲ್ 100 ಬಂತು. 2020ರ ಬಿಎಸ್-6 ಹೊಗೆ ನಿಯಂತ್ರಣ ನಿಯಮದ ಹೊತ್ತಿಗೆ ಕಾರ್ಬ್ಯುರೇಟರ್ ಹೋಗಿ ಇಂಧನ ಇಂಜೆಕ್ಷನ್ ಸೇರಿತು. ಗಾಡಿ ಬದಲಾಯಿತು, ಅದರ ಅಗತ್ಯ ಬದಲಾಗಲಿಲ್ಲ. ಅತಿಭಾರ ಹೇರುವುದು ಅಪಾಯವೆಂಬ ಮಾತೂ ನಿಜ. ಅದಕ್ಕೆ ಹೆಲ್ಮೆಟ್, ಒಳ್ಳೆಯ ಬ್ರೇಕು, ಹೊಲದವರೆಗೆ ಸರಿಯಾದ ದಾರಿ ಬೇಕು. ಗಾಡಿಯನ್ನೇ ಹೀಗಳೆಯುವುದರಿಂದ ಆಗುವುದೇನೂ ಇಲ್ಲ. 2024ರಲ್ಲಿ ಲೂನಾ ವಿದ್ಯುತ್ ರೂಪದಲ್ಲಿ ಮರಳಿದೆ. ಇಂಥ ಗಾಡಿಗಳಿಗೆ ಪ್ರೋತ್ಸಾಹ ಕೊಡುವ ಸರ್ಕಾರ ನಗರದ ಚಾರ್ಜಿಂಗ್ ಕೇಂದ್ರಗಳನ್ನಷ್ಟೇ ಎಣಿಸದೆ, ಕ್ವಿಂಟಲ್ ಭಾರ ಹೊತ್ತು ಉಬ್ಬುತಗ್ಗಿನ ದಾರಿಯಲ್ಲಿ ಒಂದು ಚಾರ್ಜಿಗೆ ಎಷ್ಟು ದೂರ ಸಾಗುತ್ತದೆ, ಕೆಟ್ಟರೆ ಜಗಳೂರಿನ ಮೆಕ್ಯಾನಿಕ್ ರಿಪೇರಿ ಮಾಡಬಲ್ಲನೇ ಎಂಬುದನ್ನೂ ಕೇಳಬೇಕು.