ಗಾಜಿನ ಬಾಗಿಲ ಹಿಂದಿನ ರೋಬಾಟ್ ಕೈ

ನಮ್ಮ ಮೆಕ್ಯಾನಿಕಲ್ ಬ್ಲಾಕ್‌ನ ಲ್ಯಾಬಿನಲ್ಲಿ ಆರು ಕೀಲುಗಳ ರೋಬಾಟ್ ಕೈ ಒಂದಿದೆ. ನೋಡಿರ್ತೀರಿ, ಮುಟ್ಟಿರಲ್ಲ. ತಪಾಸಣೆ ಸಮಿತಿ ಬರುವ ವಾರ ಅದರ ಹೊದಿಕೆ ತೆಗೆದು, ಒಂದು ಡಬ್ಬಿಯನ್ನು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಇಡಿಸಿ ಮತ್ತೆ ಬೀಗ ಹಾಕ್ತಾರೆ. ಎರಡು ಕೋಣೆ ಆಚೆ ತ್ರೀಡಿ ಪ್ರಿಂಟರ್ ಇದೆ. ಅದು ಪಾಪ, ವರ್ಷವಿಡೀ ಕೀಚೈನ್ ಮಾಡ್ತಾ ಕೂತಿರುತ್ತೆ. ಈ ಎರಡನ್ನೂ ಒಂದೇ ಕೆಲಸಕ್ಕೆ ಹಚ್ಚಿ ಅನ್ನೋದು ನಮ್ಮ ವಾದ.

ಐಡಿಯಾ ನಮ್ಮದೇನಲ್ಲ. 2010ರ ಸುಮಾರಿಗೆ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಡಿಸೈನ್ ಓದುತ್ತಿದ್ದ ಡಿರ್ಕ್ ವಾಂಡರ್ ಕೋಯ್ ಎಂಬ ವಿದ್ಯಾರ್ಥಿ, ಕಾರ್ಖಾನೆ ಕೆಲಸದಿಂದ ನಿವೃತ್ತವಾದ ರೋಬಾಟ್ ಒಂದನ್ನು ತಂದು ಅದಕ್ಕೆ ಪ್ಲಾಸ್ಟಿಕ್ ಕರಗಿಸಿ ಒತ್ತುವ ಎಕ್ಸ್‌ಟ್ರೂಡರ್ ಜೋಡಿಸಿದ. ಹಳೇ ಫ್ರಿಜ್‌ಗಳ ಪ್ಲಾಸ್ಟಿಕ್ಕನ್ನು ಚೂರು ಮಾಡಿ ಅದರಿಂದ ಕುರ್ಚಿ ಪ್ರಿಂಟ್ ಮಾಡಿದ. ಕುರ್ಚಿಯ ಹೆಸರು ‘ಎಂಡ್‌ಲೆಸ್’. ಬೆರಳು ದಪ್ಪದ ಒಂದೇ ಎಳೆ ಸುತ್ತಿ ಸುತ್ತಿ ಬಂದು ಕುರ್ಚಿಯಾಗಿದೆ, ಅದಕ್ಕೇ ಆ ಹೆಸರು.

ಒಂದೇ ಎಳೆ ಅನ್ನೋದು ಬರೀ ಅಂದಕ್ಕಲ್ಲ. ನಮ್ಮ ಚಿಕ್ಕ ಪ್ರಿಂಟರ್ ದಾರದಂಥ ಫಿಲಮೆಂಟ್ ನುಂಗಿ 0.4 ಮಿ.ಮೀ. ತೂತಿನಿಂದ ಬಿಡುತ್ತೆ, ಬೇಡವಾದಾಗ ಹಿಂದಕ್ಕೆ ಎಳ್ಕೊಳ್ಳುತ್ತೆ. ದೊಡ್ಡ ಯಂತ್ರಕ್ಕೆ ಹಾಕೋದು ಪ್ಲಾಸ್ಟಿಕ್ ಕಾಳು. ಬಿಸಿ ನಳಿಗೆಯೊಳಗೆ ತಿರುಗುವ ಸ್ಕ್ರೂ ಅದನ್ನು ಕರಗಿಸಿ ಮುಂದಕ್ಕೆ ತಳ್ಳುತ್ತೆ. ಹಿತ್ತಾಳೆ ಚಕ್ಕುಲಿ ಒರಳಿನ ಹಿಡಿ ತಿರುಗಿಸೋದು ನಿಲ್ಲಿಸಿದ ಮೇಲೂ ಒಂಚೂರು ಹಿಟ್ಟು ಹೊರಗೆ ಬರುತ್ತಲ್ಲ, ಇಲ್ಲೂ ಅದೇ ಕಥೆ. ನಿಲ್ಲು ಅಂದ ತಕ್ಷಣ ನಿಲ್ಲಲ್ಲ. ಹಾಗಾಗಿ ನಿಲ್ಲಿಸದೇ ಮುಗಿಯುವ ಹಾದಿಯನ್ನೇ ವಿನ್ಯಾಸ ಮಾಡಬೇಕು. ಲಾಭ ಏನಪ್ಪಾ ಅಂದ್ರೆ, ಫಿಲಮೆಂಟ್ ತಯಾರಾಗೋದೇ ಈ ಕಾಳಿನಿಂದ. ಕೆ.ಜಿ.ಗೆ ಸಾವಿರ ರೂಪಾಯಿ ಹತ್ತಿರ ಕೊಡೋ ನಮಗೆ ಕಾಳಿನ ಬೆಲೆ ಕೇಳಿದ್ರೆ ಹೊಟ್ಟೆ ಉರಿಯುತ್ತೆ.

ಇನ್ನು ಶಾಖ. ಹೊಸ ಪದರ ಬೀಳುವಾಗ ಕೆಳಗಿನದು ತೀರಾ ಆರಿದ್ದರೆ ಎರಡೂ ಬೆಸೆಯಲ್ಲ, ಕೈಯಲ್ಲಿ ಬಿಡಿಸಬಹುದು. ತೀರಾ ಬಿಸಿ ಇದ್ದರೆ ಗೋಡೆಯೇ ಕುಸಿಯುತ್ತೆ. ಎಬಿಎಸ್ ಪ್ಲಾಸ್ಟಿಕ್‌ನಲ್ಲಿ ಈ ಗಡಿ ಸುಮಾರು 105 ಡಿಗ್ರಿ. ಆರುವಾಗ ಸೊಟ್ಟಗಾಗದಿರಲಿ ಅಂತ ಕಾರ್ಬನ್ ನಾರಿನ ತುಂಡು ಬೆರೆಸುತ್ತಾರೆ. ರೋಬಾಟ್‌ನದ್ದೋ ಇನ್ನೊಂದು ತಕರಾರು. ಕೆಲವು ಭಂಗಿಗಳಲ್ಲಿ ಕೀಲುಗಳು ಒಂದೇ ಗೆರೆಗೆ ಬಂದು ಕೈ ತಡವರಿಸುತ್ತೆ. ಎಳೆ ಬರೋದಂತೂ ನಿಂತಿರಲ್ಲ, ಅಲ್ಲೊಂದು ಗಂಟು. ಇದಕ್ಕೆ ಸಿಂಗ್ಯುಲಾರಿಟಿ ಅಂತ ಹೆಸರು. ಜಾಕೋಬಿಯನ್‌ನ ಡಿಟರ್ಮಿನೆಂಟ್ ಸೊನ್ನೆ ಅಂತ ಬರೆದು ಮಾರ್ಕ್ಸ್ ತಗೊಂಡವರೇ ನಾವೆಲ್ಲ. ಆ ಸೊನ್ನೆ ಪ್ಲಾಸ್ಟಿಕ್ ಗಂಟಾಗಿ ಕಣ್ಣೆದುರು ಬಿದ್ದಿದ್ದರೆ ವೈವಾದಲ್ಲಿ ಹಾಗೆ ತೊದಲುತ್ತಿರಲಿಲ್ಲ.

ಕಾರೇ ಪ್ರಿಂಟ್ ಮಾಡ್ತಾರಂತೆ ಅಂತ ಕುಣಿಯೋದೂ ಬೇಡ. 2014ರಲ್ಲಿ ಶಿಕಾಗೋದ ಯಂತ್ರ ಮೇಳದಲ್ಲಿ ಲೋಕಲ್ ಮೋಟರ್ಸ್ ಕಂಪನಿ ‘ಸ್ಟ್ರಾಟಿ’ ಎಂಬ ಕಾರಿನ ದೇಹವನ್ನು ಸುಮಾರು 44 ಗಂಟೆಯಲ್ಲಿ ಪ್ರಿಂಟ್ ಮಾಡಿ, ಓಡಿಸಿಯೂ ತೋರಿಸಿತು. 2022ರಲ್ಲಿ ಕಂಪನಿ ಮುಚ್ಚಿತು. ಆ ಯಂತ್ರದ ತಂತ್ರಜ್ಞಾನ ಬೆಳೆಸಿದ್ದ ಓಕ್ ರಿಡ್ಜ್ ಪ್ರಯೋಗಾಲಯ 2016ರಲ್ಲಿ ಬೋಯಿಂಗ್‌ಗೆಂದು ರೆಕ್ಕೆ ಕತ್ತರಿಸುವಾಗ ಹಿಡಿದುಕೊಳ್ಳುವ ಉಪಕರಣ ಪ್ರಿಂಟ್ ಮಾಡಿತು. ಉದ್ದ ಐದು ಮೀಟರಿಗಿಂತ ಹೆಚ್ಚು, ತೂಕ ಸುಮಾರು 750 ಕೆ.ಜಿ., ಹಿಡಿದದ್ದು 30 ಗಂಟೆ. ಲೋಹದ್ದಾದರೆ ಮೂರು ತಿಂಗಳು ಕಾಯಬೇಕಿತ್ತು. ನಮ್ಮ ಪ್ರಕಾರ ಈ ತಂತ್ರದ ಅನ್ನ ಇರೋದು ಇಲ್ಲೇ: ಅಚ್ಚು, ಫಿಕ್ಸ್ಚರ್, ಒಂದೋ ಎರಡೋ ಬೇಕಾದ ದೊಡ್ಡ ವಸ್ತು. ಸಾವಿರಗಟ್ಟಲೆ ಬಕೆಟ್ ಬೇಕಾದರೆ ಇಂಜೆಕ್ಷನ್ ಮೋಲ್ಡಿಂಗ್ ಮುಂದೆ ಇದು ನಿಲ್ಲಲ್ಲ. ಕೆಲಸ ಹುಡುಕಿಕೊಂಡು ಪೀಣ್ಯ ಕಡೆ ಹೋಗುವವರು ಈ ವ್ಯತ್ಯಾಸ ತಿಳಿದಿದ್ದರೆ ಒಳ್ಳೇದು.

ಮೇಲಿನ ಎರಡೂ ನೆತ್ತಿಯ ಮೇಲೆ ಹಳಿಯಲ್ಲಿ ಓಡಾಡುವ ಗ್ಯಾಂಟ್ರಿ ಯಂತ್ರದಲ್ಲಿ ಆದವು. ಅದು ಪದರದ ಮೇಲೆ ಪದರ ಅಡ್ಡಡ್ಡ ಇಡುತ್ತೆ, ಅಷ್ಟೇ. ರೋಬಾಟ್ ಕೈ ನಾಝಲನ್ನು ಓರೆ ಮಾಡಬಲ್ಲದು, ಬಾಗಿದ ಮೇಲ್ಮೈ ಮೇಲೂ ಎಳೆ ಹಾಕಬಲ್ಲದು. ಗಟ್ಟಿತನದಲ್ಲಿ ಗ್ಯಾಂಟ್ರಿಯೇ ಮೇಲು, ಒಪ್ಪೋಣ. ಆದರೆ ನಮ್ಮ ಹತ್ತಿರ ಇರೋದು ಕೈ, ಅದೂ ದುಡ್ಡು ಕೊಟ್ಟು ತಂದದ್ದು.

ಹಾಗಾದರೆ ಅಡ್ಡಿ ಏನು? ಕೇಳಿದಾಗ ಬಂದ ಮೊದಲ ಉತ್ತರ, ಈ ಕೈ ಎಕ್ಸ್‌ಟ್ರೂಡರ್ ಭಾರ ತಡೆಯಲ್ಲ ಅಂತ. ನಿಜ ಇರಬಹುದು. ಎಕ್ಸ್‌ಟ್ರೂಡರನ್ನು ಸ್ಟ್ಯಾಂಡಿಗೆ ಬಿಗಿದು, ರೋಬಾಟ್ ಕೈಗೆ ತಟ್ಟೆ ಹಿಡಿಸಿ ಅದನ್ನೇ ನಾಝಲ್ ಕೆಳಗೆ ಆಡಿಸಬಹುದಲ್ಲ! ದೊಡ್ಡ ಬೆಂಚ್ ಬರಲಿಕ್ಕಿಲ್ಲ, ಸ್ಟೂಲಿನ ಕಾಲಾದರೂ ಬಂದೀತು. ಎರಡನೇದು ಹೊಗೆ. ಎಬಿಎಸ್ ವಾಸನೆ ಒಳ್ಳೇದಲ್ಲ, ಎಕ್ಸಾಸ್ಟ್ ಬೇಕು, ಪಿಎಲ್ಎಯಿಂದ ಶುರು ಮಾಡೋಣ.

ನಮ್ಮವರದ್ದೇ ಒಂದು ಅತಿಯಾಸೆಯೂ ಇದೆ, ಫೆಸ್ಟ್ ಮುಗಿದ ಮೇಲಿನ ನೀರಿನ ಬಾಟಲಿ ಹಾಕಿ ಬೆಂಚ್ ತೆಗೆಯೋಣ ಅಂತ. ಗ್ರೀಸ್‌ನ ಥೆಸಲೊನೀಕಿಯಲ್ಲಿ ‘ದ ನ್ಯೂ ರಾ’ ಎಂಬ ತಂಡ ಜನರ ಮನೆಯ ಪ್ಲಾಸ್ಟಿಕ್ ಕಸದಿಂದ, ರೋಬಾಟ್ ಕೈಯಿಂದಲೇ, ಪಾರ್ಕಿನ ಬೆಂಚ್ ಮಾಡಿದ್ದು ನಿಜ. ಆದರೆ ಬಾಟಲಿ ಪೆಟ್, ಮುಚ್ಚಳ ಬೇರೆ ಪ್ಲಾಸ್ಟಿಕ್. ಪೆಟ್ ತೇವ ಹೀರಿಕೊಳ್ಳುತ್ತೆ, ಗಂಟೆಗಟ್ಟಲೆ ಬಿಸಿಯಲ್ಲಿ ಒಣಗಿಸದಿದ್ದರೆ ಕರಗಿಸಿದಾಗ ಸತ್ವ ಕಳ್ಕೊಳ್ಳುತ್ತೆ. ಬೇರ್ಪಡಿಸೋದು, ತೊಳೆಯೋದು, ಒಣಗಿಸೋದು ಬರುವ ತನಕ ಈ ಕನಸು ಪೋಸ್ಟರ್‌ನಲ್ಲೇ ಇರಲಿ.

ನಿಜವಾದ ಅಡ್ಡಿ ಪ್ಲಾಸ್ಟಿಕ್ಕೂ ಅಲ್ಲ, ಭಾರವೂ ಅಲ್ಲ. ರೋಬಾಟ್ ಮೆಕ್ಯಾನಿಕಲ್‌ನವರದ್ದು, ಹೀಟರ್ ಕಂಟ್ರೋಲ್ ಇಸಿಯವರಿಗೆ ಗೊತ್ತು, ಹಾದಿ ಲೆಕ್ಕ ಹಾಕುವ ಕೋಡ್ ಸಿಎಸ್‌ನವರು ಬರೀಬೇಕು. ಪ್ರಾಜೆಕ್ಟ್ ತಂಡ ಮಾತ್ರ ಒಂದೇ ವಿಭಾಗದ್ದಾಗಿರಬೇಕು ಅಂತ ನಮ್ಮಲ್ಲಿ ನಿಯಮ. ನಾವು ಮೂರೂ ವಿಭಾಗದ ಏಳು ಜನ ಸೇರಿ ಒಂದು ಅರ್ಜಿ ಬರೆದಿದ್ದೇವೆ: ಈ ಸೆಮಿಸ್ಟರಿಗೆ ಒಂದು ತಂಡಕ್ಕಾದರೂ ಆ ನಿಯಮ ಸಡಿಲಿಸಿ, ಲ್ಯಾಬಿನ ಕೀ ವಾರಕ್ಕೆ ಎರಡು ಸಂಜೆ ಕೊಡಿ, ಇನ್‌ಸ್ಟ್ರಕ್ಟರ್ ಸರ್ ಜೊತೆಗಿರಲಿ. ಸೋಮವಾರ ಎಚ್‌ಒಡಿ ಸರ್ ಕೈಗೆ ಕೊಡ್ತೀವಿ. ಸಹಿ ಹಾಕೋರು ಭಾನುವಾರ ಸಂಜೆಯೊಳಗೆ ಕ್ಯಾಂಟೀನ್ ಹತ್ತಿರ ಸಿಗಿ.