ರಾಸುಗಳ ಹಬ್ಬ ಮತ್ತು ತಳಿ ಸಂರಕ್ಷಣೆ: ಉತ್ಸವ ಸಮಿತಿಗಳ ಮುಂದಿರುವ ಹೊಣೆ

ಹಂಪಿ ಉತ್ಸವದ ಅಂಗವಾಗಿ ಹೊಸಪೇಟೆ ಸಮೀಪದ ಮಲಪನಗುಡಿಯಲ್ಲಿ ನಡೆದಿರುವ ಗ್ರಾಮೀಣ ಕ್ರೀಡೆಗಳಲ್ಲಿ ಕುಸ್ತಿ ಮತ್ತು ಗುಂಡು ಎತ್ತುವ ಪಂದ್ಯಗಳ ಜೊತೆಗೆ ಬಂಡಿಯ ಗಾಲಿ ಕಳಚಿ ಜೋಡಿಸುವ ಸ್ಪರ್ಧೆಯೂ ಇತ್ತು. ಬಂಡಿ ಹೂಡುತ್ತಿದ್ದ ಕಾಲದಲ್ಲಿ ಗಾಲಿ ಕಳಚುವುದು ರೈತನ ವಾಡಿಕೆಯ ಕೆಲಸವಾಗಿತ್ತು. ಅಚ್ಚಿಗೆ ಕೀಲೆಣ್ಣೆ ಹಾಕಬೇಕಾದಾಗ, ದಾರಿಯಲ್ಲಿ ಕೀಲು ಮುರಿದಾಗ ಅದನ್ನು ಯಾರೂ ಕಲಿಸಬೇಕಿರಲಿಲ್ಲ. ಇಂದು ಅದೇ ಕೆಲಸಕ್ಕೆ ಬಹುಮಾನವಿದೆ, ಚಪ್ಪಾಳೆಯಿದೆ. ಆದರೆ ಆ ಗಾಲಿಯನ್ನು ಎಳೆಯಬೇಕಾದ ಎತ್ತು ಊರಿನಲ್ಲಿ ಅಪರೂಪವಾಗುತ್ತಿದೆ.

ದುಡಿಮೆಯು ಆಟವಾಗಿ ಮಾರ್ಪಡುವುದು ನಮ್ಮಲ್ಲಿ ಮಾತ್ರ ನಡೆದ ಸಂಗತಿಯಲ್ಲ. ಅಮೆರಿಕದ ರೋಡಿಯೋ ಕ್ರೀಡೆಯು ವಿಶಾಲ ಹುಲ್ಲುಗಾವಲುಗಳಲ್ಲಿ ದನಗಳನ್ನು ಒಟ್ಟುಗೂಡಿಸುವ, ಹಗ್ಗ ಹಾಕಿ ಹಿಡಿಯುವ ಕೆಲಸದಿಂದ ಹುಟ್ಟಿದೆ. ದನಗಾಹಿಗಳ ಬದುಕಿನಿಂದ ಬೆಳೆದ ಮೆಕ್ಸಿಕೋ ದೇಶದ ಚಾರ್ರೆರಿಯಾ ಎಂಬ ಕುದುರೆ ಸವಾರಿಯ ಸಂಪ್ರದಾಯವನ್ನು 2016ರಲ್ಲಿ ಯುನೆಸ್ಕೋ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಯೂ ಇಲ್ಲಿಯೂ ಸಮುದಾಯದ ಸಂಘಗಳೇ ಇಂತಹ ಹಬ್ಬಗಳನ್ನು ಉಳಿಸಿವೆ. ಹಬ್ಬ ಉಳಿದರೆ ಅದರ ಮೂಲವಾದ ಪಶುಪಾಲನೆಯೂ ತಾನಾಗಿಯೇ ಉಳಿಯುವುದೇ ಎಂಬ ಪ್ರಶ್ನೆಯನ್ನು ನಮ್ಮ ನಾಡಿನ ಸಂದರ್ಭದಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹಬ್ಬಗಳ ಹಿಂದಿರುವ ದುಡಿಮೆ

ವಿಜಯನಗರ ಮತ್ತು ಬಳ್ಳಾರಿ ಜಿಲ್ಲೆಗಳನ್ನು ಒಳಗೊಂಡ ಸೀಮೆಯಲ್ಲಿ ಕಾರಹುಣ್ಣಿಮೆ ಎತ್ತುಗಳ ಹಬ್ಬ. ಮುಂಗಾರಿನ ಬಿತ್ತನೆಯ ಹೊತ್ತಿಗೆ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಊರ ಮುಂದೆ ಕಟ್ಟಿದ ಕರಿಯನ್ನು ಹರಿಯಲು ಓಡಿಸುತ್ತಾರೆ. ಬಿಳಿ ಎತ್ತು ಮೊದಲು ಕರಿ ಹರಿದರೆ ಬಿಳಿಜೋಳ ಮತ್ತು ಹಿಂಗಾರು, ಕೆಂದೆತ್ತು ಹರಿದರೆ ಮುಂಗಾರು ಚೆನ್ನಾಗಿ ಬರುವುದೆಂಬ ನಂಬಿಕೆಯಿದೆ. ಹದಿನೈದು ದಿನಗಳ ನಂತರ ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಎತ್ತುಗಳಿಗೆ ಪೂಜೆ ಸಲ್ಲುತ್ತದೆ. ಹೂವಿನಹಡಗಲಿ ತಾಲ್ಲೂಕಿನ ಕುರುವತ್ತಿ ಬಸವೇಶ್ವರ ಜಾತ್ರೆಯು ದನಗಳ ಜಾತ್ರೆಗಾಗಿಯೂ ಹೆಸರಾಗಿದೆ. ಹಾವೇರಿ ಮತ್ತು ಶಿವಮೊಗ್ಗ ಜಿಲ್ಲೆಗಳಲ್ಲಿ ದೀಪಾವಳಿಯ ನಂತರ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಕೊಬ್ಬರಿ ಸರಗಳಿಂದ ಅಲಂಕೃತವಾದ ಹೋರಿ ಯಾರ ಕೈಗೂ ಸಿಗದೆ ಓಡಿದರೆ ಅದಕ್ಕೆ ಗೆಲುವು. ಕರಾವಳಿಯಲ್ಲಿ ಕೋಣಗಳ ಕಂಬಳವಿದೆ. 2023ರ ನವೆಂಬರ್‌ನಲ್ಲಿ ಕಂಬಳವು ಬೆಂಗಳೂರಿನ ಅರಮನೆ ಮೈದಾನದವರೆಗೂ ಬಂದಿತು.

ಈ ಎಲ್ಲ ಆಚರಣೆಗಳಿಗೂ ಒಂದೇ ಬೇರು. ವರ್ಷವಿಡೀ ದುಡಿದ ಪ್ರಾಣಿಗೆ ಒಂದು ದಿನದ ಗೌರವ, ಜೊತೆಗೆ ಅದರ ಬಲ ಮತ್ತು ವೇಗದ ಪರೀಕ್ಷೆ. ಆ ಪರೀಕ್ಷೆಯಲ್ಲಿ ಗೆದ್ದ ಹೋರಿಯಿಂದ ಹಸು ಕಟ್ಟಿಸಲು ಸುತ್ತಲಿನ ರೈತರು ಬಯಸುತ್ತಿದ್ದುದರಿಂದ ಹಬ್ಬವು ತಳಿಯ ಆಯ್ಕೆಯ ಸಾಧನವೂ ಆಗಿತ್ತು. ದುಡಿಮೆ ಟ್ರ್ಯಾಕ್ಟರಿಗೆ ವರ್ಗವಾದ ಮೇಲೆ ಈ ಕೊಂಡಿ ಸಡಿಲವಾಗಿದೆ.

ಗಣತಿ ತೋರಿಸುವ ಚಿತ್ರ

2019ರ 20ನೆಯ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 19.25 ಕೋಟಿ ದನಗಳಿದ್ದವು. 2012ರ ಗಣತಿಗೆ ಹೋಲಿಸಿದರೆ ಒಟ್ಟು ಸಂಖ್ಯೆ ಅಲ್ಪ ಏರಿಕೆ ಕಂಡಿತು. ಆದರೆ ಆ ಏಳು ವರ್ಷಗಳಲ್ಲಿ ಹೆಣ್ಣು ದನಗಳು ಶೇ. 18ರಷ್ಟು ಹೆಚ್ಚಿದವು, ಗಂಡು ದನಗಳು ಸುಮಾರು 6.8 ಕೋಟಿಯಿಂದ 4.7 ಕೋಟಿಗೆ, ಅಂದರೆ ಶೇ. 30ರಷ್ಟು ಕುಸಿದವು. ದೇಶಿ ದನಗಳ ಒಟ್ಟು ಸಂಖ್ಯೆ ಶೇ. 6ರಷ್ಟು ಇಳಿಯಿತು.

ತುಂಗಭದ್ರಾ ಕಾಲುವೆಗಳ ಪ್ರದೇಶದಲ್ಲಿ ಇದರ ಕಾರಣಗಳು ಸ್ಪಷ್ಟವಾಗಿವೆ. ಹೊಸಪೇಟೆ ಮತ್ತು ಕಂಪ್ಲಿ ಭಾಗದಲ್ಲಿ ಭತ್ತ, ಕಬ್ಬು, ಬಾಳೆ ಪ್ರಧಾನ ಬೆಳೆಗಳು. ಉಳುಮೆಗೆ ಟ್ರ್ಯಾಕ್ಟರ್, ಕೊಯ್ಲಿಗೆ ಯಂತ್ರ ಬಂದಿವೆ. ಎತ್ತಿನ ಮುಖ್ಯ ಮೇವಾದ ಜೋಳದ ಸೊಪ್ಪೆ ನೀರಾವರಿ ಪ್ರದೇಶದಲ್ಲಿ ಕಡಿಮೆ. ಯಂತ್ರದಿಂದ ಕೊಯ್ದ ಗದ್ದೆಯಲ್ಲಿ ಹುಲ್ಲು ಸಂಗ್ರಹಿಸುವುದು ಕಷ್ಟ. 400 ಕೆ.ಜಿ. ತೂಕದ ಎತ್ತಿಗೆ ದಿನಕ್ಕೆ 8ರಿಂದ 10 ಕೆ.ಜಿ. ಒಣಪದಾರ್ಥದ ಮೇವು ಬೇಕು. ಜೋಡೆತ್ತಿಗೆ ವರ್ಷಕ್ಕೆ 6ರಿಂದ 7 ಟನ್ ಆಗುತ್ತದೆ. ವರ್ಷದಲ್ಲಿ ಕೆಲವೇ ದಿನ ಕೆಲಸವಿರುವ ಜೋಡಿಗೆ ಸಣ್ಣ ಹಿಡುವಳಿದಾರನು ಈ ವೆಚ್ಚವನ್ನು ಹೊರಲಾರ.

ಇನ್ನೊಂದು ಅಂಶವು ಇದಕ್ಕಿಂತ ಗಂಭೀರವಾದುದು. ಹಳ್ಳಿಕಾರ್, ಅಮೃತ ಮಹಲ್, ಖಿಲಾರಿ ಇವು ಉಳುಮೆಯ ತಳಿಗಳು. ಇವುಗಳ ಹಾಲಿನ ಇಳುವರಿ ಕಡಿಮೆ. ಇಂತಹ ಹಸುವನ್ನು ಸಾಕುವವನಿಗೆ ಮುಖ್ಯ ಆದಾಯ ಹೋರಿಗರುವಿನ ಮಾರಾಟದಿಂದ ಬರುತ್ತದೆ. ಹೋರಿಗರುವಿಗೆ ಬೆಲೆ ಇಲ್ಲದಾದರೆ ಮೊದಲು ಕೊಟ್ಟಿಗೆ ಬಿಡುವುದು ಹೋರಿಯಲ್ಲ, ಅದರ ತಾಯಿ.

ಕಾನೂನಿನ ನೆಲೆ

2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟಗಳನ್ನು ನಿಷೇಧಿಸಿತು. ನಂತರ ಕರ್ನಾಟಕ ವಿಧಾನಮಂಡಲವು 2017ರಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳ, ಎತ್ತುಗಳ ಓಟ ಮತ್ತು ಎತ್ತಿನಗಾಡಿ ಓಟಗಳಿಗೆ ಷರತ್ತುಬದ್ಧ ಅವಕಾಶ ನೀಡಿತು. 2023ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ತಮಿಳುನಾಡು, ಮಹಾರಾಷ್ಟ್ರ ಮತ್ತು ಕರ್ನಾಟಕದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ನಿಯಮಗಳ ಕಟ್ಟುನಿಟ್ಟಿನ ಪಾಲನೆಗೆ ಜಿಲ್ಲಾ ದಂಡಾಧಿಕಾರಿಗಳು ಮತ್ತು ಸಕ್ಷಮ ಪ್ರಾಧಿಕಾರಗಳು ಹೊಣೆಗಾರರೆಂದೂ ಪೀಠವು ಹೇಳಿತು.

ಈ ತೀರ್ಪನ್ನು ಅನೇಕರು ಸಂಪೂರ್ಣ ಅನುಮತಿಯೆಂದು ಭಾವಿಸಿದ್ದಾರೆ. ಅದು ಸರಿಯಲ್ಲ. ಪ್ರಾಣಿಗೆ ಅನಗತ್ಯ ನೋವು ಉಂಟಾಗಬಾರದೆಂಬ ಷರತ್ತು ಇಂದಿಗೂ ಜಾರಿಯಲ್ಲಿದೆ. ಹೋರಿ ಬೆದರಿಸುವ ಸ್ಪರ್ಧೆಯನ್ನು ಕಾಯ್ದೆಯು ಪ್ರತ್ಯೇಕವಾಗಿ ಹೆಸರಿಸಿಲ್ಲವಾದ್ದರಿಂದ ಸಮಿತಿಗಳು ಜಿಲ್ಲಾಡಳಿತದ ಪೂರ್ವಾನುಮತಿಯಿಲ್ಲದೆ ಮುಂದುವರಿಯಬಾರದು. ಹಾವೇರಿ ಜಿಲ್ಲೆಯಲ್ಲಿ ಹೋರಿ ತಿವಿದು ಪ್ರೇಕ್ಷಕರು ಪ್ರಾಣ ಕಳೆದುಕೊಂಡ ಘಟನೆಗಳು ವರದಿಯಾಗಿವೆ. ಒಂದು ಸಾವು ಸಂಭವಿಸಿದರೆ ಆ ಕುಟುಂಬಕ್ಕಾಗುವ ನಷ್ಟದ ಜೊತೆಗೆ ಇಡೀ ಆಚರಣೆಯ ಮೇಲೆಯೇ ಪ್ರಶ್ನೆ ಏಳುತ್ತದೆ.

ಕಾವಲುಗಳ ಪಾಠ

ದೊಡ್ಡ ಹುಲ್ಲುಗಾವಲಿನಲ್ಲಿ ಮಂದೆಗಳನ್ನು ಸಾಕುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಆಯಿತು. ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆ ಬೇರೆ ಕಾವಲುಗಳನ್ನು ಮೀಸಲಿಟ್ಟು, ಹುಲ್ಲು ಮತ್ತು ನೀರಿನ ಲಭ್ಯತೆಗೆ ತಕ್ಕಂತೆ ಮಂದೆಗಳನ್ನು ಸಾಗಿಸಲಾಗುತ್ತಿತ್ತು. 1860ರಲ್ಲಿ ವೆಚ್ಚ ಉಳಿಸುವ ಸಲುವಾಗಿ ಬ್ರಿಟಿಷ್ ಸರ್ಕಾರವು ಮಂದೆಗಳನ್ನು ಮಾರಿತು. ಸೈನ್ಯಕ್ಕೆ ಬೇಕಾದ ಎತ್ತುಗಳ ಕೊರತೆ ಬೇಗನೆ ಅರಿವಿಗೆ ಬಂದು, 1866ರಲ್ಲಿ ಉಳಿದ ದನಗಳನ್ನು ಹುಡುಕಿ ಸಂಸ್ಥೆಯನ್ನು ಪುನಃ ಕಟ್ಟಬೇಕಾಯಿತು. ಅಂದು ಕಾವಲು ಉಳಿದಿತ್ತು. ಆದ್ದರಿಂದ ಮಂದೆ ಮರಳಿತು. ಇಂದು ಕಾವಲುಗಳೇ ಕರಗುತ್ತಿವೆ. ಚಳ್ಳಕೆರೆ ತಾಲ್ಲೂಕಿನ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ಭೂಮಿ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಗಿದೆ.

ಅದೇ ಚಳ್ಳಕೆರೆ ಮತ್ತು ಮೊಳಕಾಲ್ಮುರು ಸೀಮೆಯಲ್ಲಿ, ಕೂಡ್ಲಿಗಿಯವರೆಗೂ, ಮ್ಯಾಸಬೇಡ ಸಮುದಾಯದವರು ‘ದೇವರ ಎತ್ತು’ಗಳ ಮಂದೆಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ದೇವರ ಹೆಸರಿನಲ್ಲಿ ಬಿಟ್ಟ ಈ ದನಗಳನ್ನು ಮಾರುವುದಿಲ್ಲ. ಕಿಲಾರಿಗಳು ಅವುಗಳನ್ನು ವರ್ಷವಿಡೀ ಮೇಯಿಸುತ್ತಾರೆ. ಹಬ್ಬದ ದಿನ ದರ್ಶನಕ್ಕೆ ಬರುವ ಮಂದೆಯು ಉಳಿದ ದಿನಗಳಲ್ಲಿಯೂ ಮಂದೆಯಾಗಿಯೇ, ಹಸು, ಹೋರಿ, ಕರುಗಳೊಡನೆ ಬದುಕುತ್ತದೆ. ಬರಗಾಲದಲ್ಲಿ ಮೇವಿಗಾಗಿ ಕಿಲಾರಿಗಳು ಪಡುವ ಪಾಡು ಚಿಕ್ಕದಲ್ಲ. ಆದರೂ ತಳಿ ಸಂರಕ್ಷಣೆಯ ದೃಷ್ಟಿಯಿಂದ ಅಲಂಕಾರದ ಒಂದು ಹೋರಿಗಿಂತ ಇಂತಹ ಮಂದೆಯ ಮೌಲ್ಯ ಹೆಚ್ಚು.

ಸಮಿತಿಗಳು ಕೈಗೊಳ್ಳಬಹುದಾದ ಕ್ರಮಗಳು

ಬಹುಮಾನದ ಹಣ ಹೋರಿಯ ಇಂದಿನ ಒಡೆಯನಿಗೆ ಮಾತ್ರ ಸಂದರೆ ಅದನ್ನು ಹೆತ್ತ ಹಸುವನ್ನು ಸಾಕಿದವನಿಗೆ ಹಬ್ಬದಿಂದ ಯಾವ ಪ್ರಯೋಜನವೂ ಇಲ್ಲ. ಈ ಕೊರತೆಯನ್ನು ತುಂಬುವುದೇ ಸಮಿತಿಗಳ ಮೊದಲ ಹೊಣೆ. ಅದಕ್ಕೆ ಪೂರಕವಾಗಿ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

1. ಬಹುಮಾನದ ಒಂದು ಪಾಲನ್ನು ಹೋರಿ ಹುಟ್ಟಿದ ಕೊಟ್ಟಿಗೆಗೆ ನೀಡುವುದು. ಕರುವಿನೊಂದಿಗಿರುವ ದೇಶಿ ಹಸುವಿಗೆ ಪ್ರತ್ಯೇಕ ವಿಭಾಗ ಏರ್ಪಡಿಸುವುದು.

2. ಭಾಗವಹಿಸುವ ಪ್ರತಿ ರಾಸಿಗೂ 12 ಅಂಕಿಗಳ ಕಿವಿಯೋಲೆ ಕಡ್ಡಾಯಗೊಳಿಸಿ, ತಳಿ, ವಯಸ್ಸು, ತಂದೆ-ತಾಯಿ, ಹುಟ್ಟಿದ ಊರು ಇವುಗಳನ್ನು ಒಂದು ಪುಸ್ತಕದಲ್ಲಿ ದಾಖಲಿಸುವುದು. ಐದು ವರ್ಷಗಳ ದಾಖಲೆ ಇದ್ದರೆ ಅದು ಆ ಸೀಮೆಯ ವಂಶಾವಳಿ ಪುಸ್ತಕವಾಗುತ್ತದೆ.

3. ಗೆದ್ದ ಹೋರಿಯನ್ನು ಪಶುವೈದ್ಯರಿಂದ ಪರೀಕ್ಷಿಸಿ, ಆರೋಗ್ಯವಂತವಾಗಿದ್ದರೆ ಅದೇ ತಳಿಯ ಹಸುಗಳಿಗೆ ಬಳಸುವುದು. ಮಗಳ ಹಸುಗಳೊಡನೆ ಸಂಕರವಾಗದಂತೆ ಸುಮಾರು ಮೂರು ವರ್ಷಕ್ಕೊಮ್ಮೆ ಬೇರೆ ಊರಿನ ಹೋರಿಯೊಂದಿಗೆ ಬದಲಾಯಿಸಿಕೊಳ್ಳುವುದು.

4. ಜಾತ್ರೆಗೆ ಮೂರರಿಂದ ನಾಲ್ಕು ವಾರ ಮೊದಲೇ ಕಾಲುಬಾಯಿ ಜ್ವರ ಮತ್ತು ಚರ್ಮಗಂಟು ರೋಗದ ಲಸಿಕೆ ಹಾಕಿಸಿರುವುದನ್ನು ಖಚಿತಪಡಿಸಿಕೊಳ್ಳುವುದು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ದನದ ಸಂತೆ, ಜಾತ್ರೆಗಳನ್ನು ನಿಲ್ಲಿಸಬೇಕಾಗಿ ಬಂದುದನ್ನು ಮರೆಯಬಾರದು. ಜ್ವರ, ಜೊಲ್ಲು, ಮೈಮೇಲೆ ಗಂಟು ಇರುವ ರಾಸನ್ನು ಕಣಕ್ಕೆ ತರಬಾರದು. ತುರ್ತು ಚಿಕಿತ್ಸೆಗೆ 1962 ಸಂಖ್ಯೆಗೆ ಕರೆ ಮಾಡಬಹುದು.

5. ಬಾರುಗೋಲು, ಮುಳ್ಳು, ಮದ್ಯ, ಖಾರದ ಪುಡಿ, ಬಾಲ ತಿರುಚುವುದು ಇವುಗಳನ್ನು ನಿಷೇಧಿಸಿ, ತಪ್ಪಿದವರನ್ನು ಸ್ಪರ್ಧೆಯಿಂದ ಹೊರಗಿಡುವುದು. ಓಟದ ದಾರಿಯ ಎರಡೂ ಬದಿ ಗಟ್ಟಿಯಾದ ಬೇಲಿ, ಕೊನೆಯಲ್ಲಿ ಹೋರಿ ದಣಿವಾರಿಸಿಕೊಳ್ಳಲು ನೆರಳು ಮತ್ತು ನೀರು, ಸ್ಥಳದಲ್ಲಿ ಪಶುವೈದ್ಯರು ಹಾಗೂ ಆಂಬುಲೆನ್ಸ್ ಇರಬೇಕು.

6. ಉಳಿತಾಯದ ಹಣದಲ್ಲಿ ಊರಿಗೊಂದು ಮೇವಿನ ಬಣವೆ ಕಟ್ಟುವುದು. ಭತ್ತದ ಹುಲ್ಲನ್ನು ಯೂರಿಯಾದಿಂದ ಉಪಚರಿಸಿದರೆ ಅದರ ಪೌಷ್ಟಿಕತೆ ಹೆಚ್ಚುತ್ತದೆ: 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು 40ರಿಂದ 50 ಲೀಟರ್ ನೀರಿನಲ್ಲಿ ಪೂರ್ಣ ಕರಗಿಸಿ, ಪದರ ಪದರವಾಗಿ ಸಿಂಪಡಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಡಬೇಕು. ತೆರೆದ ನಂತರ ವಾಸನೆ ಹೋಗುವವರೆಗೆ ಆರಿಸಿ ಕೊಡಬೇಕು. ಆರು ತಿಂಗಳಿಗಿಂತ ಚಿಕ್ಕ ಕರುಗಳಿಗೆ ಇದನ್ನು ಕೊಡಬಾರದು. ಯೂರಿಯಾ ನೀರು ದನಗಳಿಗೆ ಸಿಗದಂತೆ ಎಚ್ಚರ ವಹಿಸಬೇಕು.

ವಿಸ್ತರಣಾ ಕಾರ್ಯಕರ್ತರ ಪಾತ್ರ

ಹಬ್ಬಕ್ಕೆ ಸಾವಿರಾರು ಪಶುಪಾಲಕರು ತಾವಾಗಿಯೇ ಸೇರುತ್ತಾರೆ. ಅಷ್ಟು ಜನರನ್ನು ಯಾವ ತರಬೇತಿ ಕಾರ್ಯಕ್ರಮವೂ ಒಟ್ಟುಗೂಡಿಸಲಾರದು. ಆದ್ದರಿಂದ ವಿಸ್ತರಣಾ ಕಾರ್ಯಕರ್ತರು ಹಬ್ಬದ ದಿನ ಅತಿಥಿಗಳಾಗಿ ಹೋಗುವುದಕ್ಕಿಂತ, ಎರಡು ತಿಂಗಳು ಮೊದಲೇ ಸಮಿತಿಯ ಸಭೆಯಲ್ಲಿ ಕುಳಿತು ಲಸಿಕೆ, ದಾಖಲಾತಿ ಮತ್ತು ಸುರಕ್ಷತೆಯ ಯೋಜನೆ ರೂಪಿಸುವುದು ಉಚಿತ. ಗೋಮಾಳ ಮತ್ತು ಕಾವಲುಗಳ ಗಡಿ ಗುರುತಿಸಿ ಉಳಿಸಿಕೊಳ್ಳಲು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸುವುದಕ್ಕೂ ಇದೇ ಸಮಿತಿಗಳು ಬಲ ನೀಡಬಲ್ಲವು.

ಮಣ್ಣೆತ್ತನ್ನು ಪ್ರತಿ ವರ್ಷ ಹೊಸದಾಗಿ ಮಾಡಿಕೊಳ್ಳಬಹುದು. ಕಳೆದುಹೋದ ತಳಿಯನ್ನು ಹಾಗೆ ಮಾಡಿಕೊಳ್ಳಲಾಗದು. ಈ ವರ್ಷದ ಹಬ್ಬಕ್ಕೆ ಸಿದ್ಧತೆ ನಡೆಸುವ ಸಮಿತಿಗಳು ಹೋರಿಯ ಜೊತೆಗೆ ಅದರ ತಾಯಿಯ ಹೆಸರನ್ನೂ ಪಟ್ಟಿಯಲ್ಲಿ ಬರೆದುಕೊಳ್ಳಲಿ. ತಾಂತ್ರಿಕ ಮಾಹಿತಿಗಾಗಿ ಸಮೀಪದ ಪಶು ಚಿಕಿತ್ಸಾಲಯ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.